ಮೊಗಲಾಯಿ ಗಡಿಯ ಸುಂಕದ ಕಟ್ಟೆ

ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ರೈತನೊಬ್ಬ 1930ರ ಸುಮಾರಿಗೆ ಹರಗೋಲು ಹತ್ತಿ ಆಚೆ ದಡಕ್ಕೆ ಹೋದನೆಂದರೆ ದೇಶ ಬಿಟ್ಟು ದೇಶಕ್ಕೆ ಹೋದಂತೆಯೇ ಲೆಕ್ಕ. ಈಚೆ ದಡ ನಿಜಾಮನ ಹೈದರಾಬಾದ್ ಸಂಸ್ಥಾನ. ಆಚೆ ದಡದ ಇಂಡಿ, ಸಿಂದಗಿ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಎರಡೂ ಕಡೆ ಅದೇ ಕನ್ನಡ, ಅದೇ ಬಿಳಿಜೋಳದ ರೊಟ್ಟಿ, ಅದೇ ಎರೆಭೂಮಿ. ಬೀಗತನವೂ ನದಿ ದಾಟಿಯೇ ನಡೆಯುತ್ತಿತ್ತು. ಆದರೆ ಈಚೆಯ ರೂಪಾಯಿ ಆಚೆ ದಡದಲ್ಲಿ ಪೂರ್ತಿ ರೂಪಾಯಿಯಾಗಿ ಉಳಿಯುತ್ತಿರಲಿಲ್ಲ. ಅಲ್ಲಿ ಕೊಂಡ ಸರಕು ಈಚೆಗೆ ಬರುವಾಗ ಸುಂಕದ ಕಟ್ಟೆ ದಾಟಬೇಕಿತ್ತು.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಸಂಸ್ಥಾನದ ಪಶ್ಚಿಮದ ಅಂಚು. ಆಚೆಯ ವಿಜಾಪುರ, ಸೋಲಾಪುರ ಕಡೆಯ ಜನ ಇದನ್ನು ಮೊಗಲಾಯಿ ಎನ್ನುತ್ತಿದ್ದರು. ಆಳಂದ ಮತ್ತು ಅಫಜಲಪುರ ಪೈಗಾ ಮನೆತನದ ಜಹಗೀರಿನಲ್ಲಿದ್ದವು. ಜೇವರ್ಗಿ ಸೀಮೆ ಹಳೆಯ ದಾಖಲೆಗಳಲ್ಲಿ ಆಂದೋಲಾ ತಾಲ್ಲೂಕೆಂದು ಕಾಣುತ್ತದೆ. ಜೇವರ್ಗಿಯದು ಇನ್ನೂ ವಿಚಿತ್ರ ಪರಿಸ್ಥಿತಿ. ಅದು ಭೀಮೆಯ ದಕ್ಷಿಣಕ್ಕಿದೆ, ಅದರ ಜಿಲ್ಲಾ ಕೇಂದ್ರ ಕಲಬುರಗಿ ಉತ್ತರಕ್ಕೆ. ಸೇತುವೆ ಇಲ್ಲದ ಕಾಲದಲ್ಲಿ ಮಳೆಗಾಲದ ಹೊಳೆ ತುಂಬಿದರೆ ಸ್ವಂತ ಜಿಲ್ಲಾ ಕೇಂದ್ರದ ದಾರಿ ಮುಚ್ಚುತ್ತಿತ್ತು. ಪರದೇಶವಾದ ಸಿಂದಗಿಗೆ ಮಾತ್ರ ನಡುವೆ ಹೊಳೆಯಿಲ್ಲ, ನೇರ ಬಂಡಿದಾರಿ.

ಪುಟ್ಟ ದೇಶವೊಂದು ಬೇಲಿ ಕಿತ್ತು ಹೊರಗಿನ ಮಾರುಕಟ್ಟೆಗೆ ತೆರೆದುಕೊಳ್ಳುವುದು ಹೇಗೆ ಎಂಬುದಕ್ಕೆ ಸಿಂಗಾಪುರ, ನ್ಯೂಜಿಲೆಂಡ್‌ಗಳ ಕಥೆ ಹೇಳುವ ರೂಢಿ ಬಿದ್ದಿದೆ. ಈ ಮೂರು ತಾಲ್ಲೂಕುಗಳ ಅಜ್ಜಂದಿರು ಅಂಥದೊಂದನ್ನು ತಮ್ಮ ಬಂಡಿಯ ಮೇಲೆ ಕೂತೇ ನೋಡಿದ್ದರು.

ಹೈದರಾಬಾದನ್ನು ದೇಶವೆನ್ನುವುದು ಉತ್ಪ್ರೇಕ್ಷೆಯೇನಲ್ಲ. ಸುಮಾರು 82 ಸಾವಿರ ಚದರ ಮೈಲಿ ನೆಲ, 1941ರ ಜನಗಣತಿಯಂತೆ 1 ಕೋಟಿ 60 ಲಕ್ಷ ಮೀರಿದ ಜನ. ಸ್ವಂತ ಅಂಚೆ, ಸ್ವಂತ ರೈಲು, ಸ್ವಂತ ವಿಮಾನ ಕಂಪನಿ, 1942ರಲ್ಲಿ ಬಾಗಿಲು ತೆರೆದ ಸ್ವಂತ ಹೈದರಾಬಾದ್ ಸ್ಟೇಟ್ ಬ್ಯಾಂಕ್. ವರ್ಷವೂ ಬೇರೆ. ಸರಕಾರಿ ಲೆಕ್ಕ ನಡೆಯುತ್ತಿದ್ದದ್ದು ಫಸಲಿ ಪಂಚಾಂಗದ ಮೇಲೆ, ಅದು ಅಕ್ಟೋಬರ್ ಮೊದಲ ವಾರದಲ್ಲಿ ಶುರುವಾಗುತ್ತಿತ್ತು. 1947ರ ಅಕ್ಟೋಬರಿನಲ್ಲಿ ಆರಂಭವಾದದ್ದು ಫಸಲಿ 1357. ಆಳಂದದ ವರ್ತಕ ಸೋಲಾಪುರದ ಅಡತಿಯವನೊಂದಿಗೆ ವ್ಯವಹಾರ ಇಟ್ಟುಕೊಂಡರೆ ಎರಡು ನಾಣ್ಯ, ಎರಡು ಪಂಚಾಂಗ, ಸರಕಾರಿ ಕಾಗದಕ್ಕೆ ಉರ್ದು, ಸೋಲಾಪುರದ ಕಾಗದಕ್ಕೆ ಮರಾಠಿ, ಮನೆಯ ಲೆಕ್ಕಕ್ಕೆ ಕನ್ನಡ, ಇಷ್ಟನ್ನೂ ನಿಭಾಯಿಸಬೇಕು. ಇಷ್ಟು ದೊಡ್ಡ ಸಂಸ್ಥಾನಕ್ಕೆ ಇಲ್ಲದ್ದು ಒಂದೇ, ಸಮುದ್ರ. ಅಡುಗೆಯ ಉಪ್ಪು ಕೂಡ ಬ್ರಿಟಿಷ್ ನೆಲವನ್ನು ದಾಟಿಯೇ ಬರಬೇಕಿತ್ತು. ಕೊನೆಯ ನಿಜಾಮನ ದರ್ಬಾರು ಪೋರ್ಚುಗೀಸರ ಗೋವೆಯ ಮುರಗಾಂವ ಬಂದರಿನ ಮೇಲೆ ಕಣ್ಣಿಟ್ಟಿದ್ದು ಇದೇ ಕಾರಣಕ್ಕೆ.

ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು, ಅದರ ಠಾಣೆಗೆ ನಾಕೆ. ಅದರ ದರಕ್ಕೆ ಮೂಲ 1802ರ ವಾಣಿಜ್ಯ ಒಪ್ಪಂದ. ಈಸ್ಟ್ ಇಂಡಿಯಾ ಕಂಪನಿ ಮತ್ತು ನಿಜಾಮ ಆಗ ಒಬ್ಬರ ಸರಕಿಗೆ ಇನ್ನೊಬ್ಬರು ನೂರಕ್ಕೆ ಐದು ಸುಂಕ ಹಾಕಬಹುದೆಂದು ಒಪ್ಪಿಕೊಂಡಿದ್ದರು. ಒಳನಾಡಿನ ರಹದಾರಿ ಸುಂಕಗಳನ್ನು ಎತ್ತಿಬಿಡುವ ಮಾತೂ ಅದರಲ್ಲಿತ್ತು. ಮಾತು ಮಾತಾಗಿಯೇ ಬಹುಕಾಲ ಉಳಿಯಿತು. ಊರೂರಿಗೆ ಜಹಗೀರದಾರರು, ಇಜಾರೆದಾರರು ಬಂಡಿ ತಡೆದು ಹಣ ಕೀಳುವ ಪದ್ಧತಿಗೆ ಕಡಿವಾಣ ಬಿದ್ದದ್ದು 1853ರಲ್ಲಿ ದಿವಾನನಾದ ಮೊದಲನೆಯ ಸಾಲಾರಜಂಗನ ಕಾಲದಲ್ಲಿ. ಸುಂಕವನ್ನು ಇಜಾರೆಗೆ ಕೊಡುವುದನ್ನು ನಿಲ್ಲಿಸಿ ಅವನು ಅದನ್ನು ಸರಕಾರದ ಸಂಬಳದ ನೌಕರರ ಕೈಗೆ ಕೊಟ್ಟ. ಒಳಗಿನ ಕಟ್ಟೆಗಳು ಸಡಿಲವಾದಂತೆ ಹೊರಗಡಿಯ ಕಟ್ಟೆ ಬಿಗಿಯಾಯಿತು. ಸಂಸ್ಥಾನದ ನಡುವಿನ ಊರುಗಳಿಗೆ ಇದರಿಂದ ಉಸಿರಾಡಲು ಜಾಗ ಸಿಕ್ಕಿತು, ಅಂಚಿನ ಊರುಗಳಿಗೆ ನಾಕೆ ಬಂದು ಅಂಗಳದಲ್ಲಿ ಕೂತಿತು.

ನೂರಕ್ಕೆ ಐದು ಎಂದರೆ ಇಂದಿನ ಕಣ್ಣಿಗೆ ಜುಜುಬಿ. ಆದರೆ ಅದು ಒಂದೇ ಸಲ ಬೀಳುವ ಹೊರೆಯಾಗಿರಲಿಲ್ಲ. ವಿಲಾಯತಿ ಸರಕು ಮುಂಬಯಿ ಬಂದರಿನಲ್ಲಿ ಇಳಿದಾಗ ಬ್ರಿಟಿಷ್ ಸರಕಾರ ಕಡಲ ಸುಂಕ ಕಿತ್ತುಕೊಳ್ಳುತ್ತಿತ್ತು. ಆ ಹಣದಲ್ಲಿ ಹೈದರಾಬಾದಿಗೆ ಕಾಸೂ ಇಲ್ಲ. ಅದೇ ಸರಕು ಮೊಗಲಾಯಿ ಗಡಿಗೆ ಬಂದಾಗ ಕರೋಡಗಿರಿಯವರದು ಮತ್ತೊಂದು ಕೈ. ಆಳಂದದ ಮನೆಯಲ್ಲಿ ಹತ್ತಿದ ವಿಲಾಯತಿ ಲಾಟೀನಿಗೆ ಹೀಗೆ ಎರಡು ಸರಕಾರಗಳ ತೆರಿಗೆ ಅಂಟಿಕೊಂಡಿರುತ್ತಿತ್ತು. ಕಡಲ ಸುಂಕದಲ್ಲಿ ಸಂಸ್ಥಾನಗಳಿಗೂ ಪಾಲು ಸಿಗಬೇಕೆಂಬ ಬೇಡಿಕೆ ದುಂಡುಮೇಜಿನ ಪರಿಷತ್ತಿನ ಕಾಲದಲ್ಲಿ ಜೋರಾಗಿ ಎದ್ದಿತ್ತು. 1932ರ ಡೇವಿಡ್‌ಸನ್ ಸಮಿತಿ ಈ ಸಂಸ್ಥಾನಗಳ ಹಣಕಾಸಿನ ಸಿಕ್ಕನ್ನೇ ಬಿಡಿಸಲು ಕೂತಿತ್ತು. ಸಿಕ್ಕು ಬಿಡಲಿಲ್ಲ.

ಇನ್ನು ರೂಪಾಯಿಯ ಸಂಗತಿ. ನಿಜಾಮನದು ಹಾಲಿ ಸಿಕ್ಕಾ, ನಂತರ ಉಸ್ಮಾನಿಯಾ ಸಿಕ್ಕಾ ಎನಿಸಿಕೊಂಡದ್ದು. ಬ್ರಿಟಿಷರದು ಕಲ್ದಾರ್. ಏಳು ಹಾಲಿಗೆ ಆರು ಕಲ್ದಾರ್, ಲೆಕ್ಕದ ಪುಸ್ತಕದಲ್ಲಿ ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ. 1918ರಿಂದ ಕಾಗದದ ನೋಟುಗಳೂ ಬಂದವು. ಅವುಗಳ ಮೇಲೆ ಉರ್ದುವಿನ ಜೊತೆ ತೆಲುಗು, ಮರಾಠಿ, ಕನ್ನಡದಲ್ಲೂ ಮೌಲ್ಯ ಮುದ್ರಿತವಾಗಿತ್ತು. ಸಂಸ್ಥಾನದ ಕನ್ನಡಿಗರಿಗೆ ಶಾಲೆ, ಕಚೇರಿಗಳಲ್ಲಿ ಸಿಗದ ಕನ್ನಡ ನೋಟಿನ ಮೇಲಾದರೂ ಸಿಕ್ಕಿತೆನ್ನಬೇಕು.

ಲೆಕ್ಕಕ್ಕೆ ಹೀಗೆ ಹಿಡಿಯೋಣ. ಅಫಜಲಪುರದ ಬಟ್ಟೆ ಅಂಗಡಿಯವನು ಸೋಲಾಪುರದ ಗಿರಣಿಯ ಧೋತರ, ಸೀರೆ ಸೇರಿ 600 ಕಲ್ದಾರಿನ ಮಾಲು ಕೊಳ್ಳುತ್ತಾನೆ. ಊರಲ್ಲಿ ಅವನ ಗಲ್ಲೆಯಲ್ಲಿರುವುದು ಹಾಲಿ. ಆರು ನೂರು ಕಲ್ದಾರಿಗೆ ಏಳು ನೂರು ಹಾಲಿ ಎಣಿಸಬೇಕು, ಸಾಹುಕಾರನಿಂದ ಬದಲಿಸಿಕೊಂಡರೆ ಅವನ ವಟ್ಟ ಬೇರೆ. ನಾಕೆಯಲ್ಲಿ ನೂರಕ್ಕೆ ಐದರಂತೆ ಮೂವತ್ತೈದು. ಬಂಡಿ ಬಾಡಿಗೆ, ಹಮಾಲಿ ಸೇರಿಸಿದ ಮೇಲೆ ಅಂಗಡಿಯವನ ಲಾಭ. ಅಷ್ಟೆಲ್ಲ ಹೊತ್ತ ಸೀರೆ ಒಕ್ಕಲಿಗನ ಮನೆಗೆ ಬರುವ ಹೊತ್ತಿಗೆ ಅದರ ಬೆಲೆ ಎಲ್ಲಿಗೆ ಹೋಗಿರುತ್ತದೆಂದು ಬೇರೆ ಹೇಳಬೇಕಿಲ್ಲ. ಅದೇ ಒಕ್ಕಲಿಗ ತನ್ನ ಹತ್ತಿ, ಶೇಂಗಾ, ಕುಸುಬೆಯನ್ನು ಆಚೆಗೆ ಮಾರುವಾಗ ಹೊರಹೋಗುವ ಸರಕಿನ ಮೇಲಿನ ಸುಂಕ ಅವನ ದರದಲ್ಲೇ ಕಡಿತವಾಗುತ್ತಿತ್ತು. ಬರುವಾಗಲೂ ಪೆಟ್ಟು, ಹೋಗುವಾಗಲೂ ಪೆಟ್ಟು.

ಇಷ್ಟಿದ್ದರೂ ವ್ಯಾಪಾರ ಸೋಲಾಪುರದ ಕಡೆಗೇ ಹರಿಯಿತು. ಕಾರಣ ರೈಲು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1860ರಲ್ಲಿ ಸೋಲಾಪುರ ಮುಟ್ಟಿ, 1871ರಲ್ಲಿ ಕಲಬುರಗಿ ಹಾದು ರಾಯಚೂರಿಗೆ ಬಂದು ಮದರಾಸಿನ ರೈಲನ್ನು ಕೂಡಿಕೊಂಡಿತು. ಸೋಲಾಪುರದಲ್ಲಿ ಗಿರಣಿಗಳ ಹೊಗೆಕೊಳವೆ ಎದ್ದವು. ದಾರಿಯಲ್ಲಿ ಅಕ್ಕಲಕೋಟೆ ಸಂಸ್ಥಾನಕ್ಕೆ ಸೇರಿದ ದುಧನಿ ಎಂಬ ಕನ್ನಡದ ಊರು. ಅಲ್ಲಿಂದ ಮುಂದೆ ನಿಜಾಮನ ಸೀಮೆ, ದತ್ತಾತ್ರೇಯ ಕ್ಷೇತ್ರ ಗಾಣಗಾಪುರಕ್ಕೆ ಇಳಿಯುವ ಗಾಣಗಾಪುರ ರೋಡ್ ಸ್ಟೇಷನ್. ಅಫಜಲಪುರದವರಿಗೆ ಕಲಬುರಗಿಗಿಂತ ದುಧನಿ ಅರ್ಧಕ್ಕೂ ಹತ್ತಿರ. ಆಳಂದದವರಿಗೂ ಅಷ್ಟೇನು ದೂರವಲ್ಲ. ಅಡತಿ ಅಂಗಡಿ, ರೈಲು, ರೊಕ್ಕ ಮೂರೂ ಅಲ್ಲೇ ಇರುವಾಗ ನಾಕೆಯೊಂದನ್ನು ಸಹಿಸಿಕೊಳ್ಳದೆ ವಿಧಿಯಿಲ್ಲ, ಅಥವಾ ಸುತ್ತುಹಾಕದೆ ವಿಧಿಯಿಲ್ಲ. ಬಯಲು ಸೀಮೆ, ಹೊಲದ ನಡುವಿನ ಗಡಿ, ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನ ಹೊಳೆ. ಇಂಥ ಗಡಿಯನ್ನು ಯಾವ ಕರೋಡಗಿರಿಯೂ ಪೂರ್ತಿ ಕಾಯಲಾರದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ಗೊತ್ತಿದ್ದ ಜನ ಅವನ ಕಣ್ಣಿಗೆ ಬೀಳದ ದಾರಿಯನ್ನೂ ಬಲ್ಲವರಾಗಿದ್ದರು.

ಬೇಲಿ ಇದ್ದದ್ದರಿಂದ ಒಳಗಿನ ಉದ್ಯಮಗಳಿಗೆ ನೆರಳು ಸಿಕ್ಕಿತಲ್ಲವೇ ಎಂದು ಕೇಳಬಹುದು. ಸ್ವಲ್ಪ ಸಿಕ್ಕಿದ್ದು ನಿಜ. ಕಲಬುರಗಿಯಲ್ಲಿ ಮೆಹಬೂಬಶಾಹಿ ಗಿರಣಿ, ಅಂದರೆ ಈಗಲೂ ಬಡಾವಣೆಯ ಹೆಸರಾಗಿ ಉಳಿದಿರುವ ಎಂಎಸ್‌ಕೆ ಮಿಲ್, ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲೇ ಶುರುವಾಯಿತು. ಶಹಾಬಾದಿನಲ್ಲಿ 1920ರ ದಶಕದಲ್ಲಿ ಸಿಮೆಂಟ್ ಕಾರ್ಖಾನೆ ಬಂತು. 1929ರಲ್ಲಿ ಸರಕಾರ ಕೈಗಾರಿಕಾ ಟ್ರಸ್ಟ್ ನಿಧಿ ಸ್ಥಾಪಿಸಿ ಉದ್ಯಮಗಳಲ್ಲಿ ತಾನೇ ಹಣ ತೊಡಗಿಸತೊಡಗಿತು. ವರಂಗಲ್ಲಿನ ಆಜಂಜಾಹಿ ಗಿರಣಿ, ಬೋಧನದ ನಿಜಾಂ ಸಕ್ಕರೆ ಕಾರ್ಖಾನೆ, ಸಿರ್‌ಪುರದ ಕಾಗದದ ಕಾರ್ಖಾನೆ ಎಲ್ಲವೂ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಎದ್ದವು. ಈ ಪಟ್ಟಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿಗಳ ಹೆಸರಿಲ್ಲ. ಕರೋಡಗಿರಿ ನಿಜವಾದ ಅರ್ಥದಲ್ಲಿ ಉದ್ಯಮ ಕಾಯುವ ಸುಂಕವಾಗಿರಲಿಲ್ಲ. ಒಪ್ಪಂದದ ಕಟ್ಟು ಇದ್ದುದರಿಂದ ಮನಬಂದಂತೆ ಏರಿಸಿ ಎಳೆಯ ಕಾರ್ಖಾನೆಗಳಿಗೆ ಆಸರೆ ಕೊಡುವ ಸ್ವಾತಂತ್ರ್ಯವೇ ಅದಕ್ಕಿರಲಿಲ್ಲ. ಭೂಕಂದಾಯ, ಅಬಕಾರಿಗಳ ಪಕ್ಕದಲ್ಲಿ ಅದು ಬೊಕ್ಕಸ ತುಂಬುವ ಮತ್ತೊಂದು ಹಗೇವು. ತೆರುವವರಲ್ಲಿ ಅಂಚಿನವರು ಮೊದಲಿಗರು, ಪಡೆಯುವವರಲ್ಲಿ ಕೊನೆಯವರು.

ಎರಡನೆಯ ಮಹಾಯುದ್ಧ ಬೇಲಿಗೆ ಮುಳ್ಳು ಕಟ್ಟಿತು. ಧಾನ್ಯ ಹೊರಹೋಗದಂತೆ ತಡೆ, ರೈತನ ಮೇಲೆ ಲೆವಿ, ಪೇಟೆಯಲ್ಲಿ ರೇಷನ್. ಆಮೇಲೆ ಬಂದದ್ದು 1947.

ಭಾರತ ಸ್ವತಂತ್ರವಾದಾಗ ಹೈದರಾಬಾದ್ ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು. ಸಹಿಯ ಮಸಿ ಒಣಗುವ ಮೊದಲೇ ನಿಜಾಮ ಸರಕಾರ ಎರಡು ಸುಗ್ರೀವಾಜ್ಞೆ ಹೊರಡಿಸಿತು. ಬೆಳ್ಳಿ ಬಂಗಾರ ಭಾರತಕ್ಕೆ ಹೋಗದಂತೆ ಒಂದು, ಭಾರತದ ರೂಪಾಯಿ ಸಂಸ್ಥಾನದಲ್ಲಿ ಚಲಾವಣೆಯಾಗಬಾರದೆಂದು ಇನ್ನೊಂದು. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿಯ ಸಾಲಪತ್ರಗಳನ್ನು ಕೊಟ್ಟದ್ದೂ ಇದೇ ಹೊತ್ತಿನಲ್ಲಿ. ರೂಪಾಯಿ ನಿಷೇಧದ ಏಟು ಹೈದರಾಬಾದ್ ನಗರದ ನವಾಬರಿಗೆ ತಗುಲಿತೋ ಇಲ್ಲವೋ, ಸೋಲಾಪುರದ ಅಡತಿಯಿಂದ ಬಾಕಿ ಬರಬೇಕಾಗಿದ್ದ ಗಡಿನಾಡಿನವನಿಗೆ ಖಂಡಿತ ತಗುಲಿತು. ಅವನ ಪಾಲಿಗೆ ಕಲ್ದಾರ್ ಎಂದರೆ ಬೆಳೆದ ಬೆಳೆಯ ಬೆಲೆ. ಇತ್ತ ಭಾರತವೂ ಸುಮ್ಮನಿರಲಿಲ್ಲ. ಪೆಟ್ರೋಲು, ಔಷಧಿ, ಉಪ್ಪು ಮೊದಲಾದವು ಸಂಸ್ಥಾನದೊಳಗೆ ಹೋಗುವುದಕ್ಕೆ ಅಡ್ಡಿಗಳು ಬಂದವು. ಸಮುದ್ರವಿಲ್ಲದ ದೇಶದ ಕುತ್ತಿಗೆ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು.

ಆ ಹತ್ತು ತಿಂಗಳು ಗಡಿಯ ನಾಕೆಗಳಿಗೆ ಬೇರೆಯೇ ಅರ್ಥ ಬಂತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಹೋರಾಟಗಾರರು ಸೋಲಾಪುರ, ವಿಜಾಪುರ, ಧಾರವಾಡ ಜಿಲ್ಲೆಗಳ ಅಂಚಿನಲ್ಲಿ ಶಿಬಿರ ಹೂಡಿದ್ದರು. ಅವರ ನಾಯಕ ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಹುಟ್ಟಿದ್ದು ಜೇವರ್ಗಿಗೆ ಮಗ್ಗುಲಾದ ಸಿಂದಗಿಯಲ್ಲೇ. ಶಿಬಿರಗಳಿಂದ ರಾತ್ರಿ ಹೊರಟವರು ದಾಳಿ ಮಾಡುತ್ತಿದ್ದ ಜಾಗಗಳಲ್ಲಿ ಪೊಲೀಸ್ ಠಾಣೆಗಳಷ್ಟೇ ಕರೋಡಗಿರಿ ನಾಕೆಗಳೂ ಇದ್ದವು. ಗಡಿಯಲ್ಲಿ ಸರಕಾರವೆಂದರೆ ಮೊದಲು ಕಾಣುವುದೇ ನಾಕೆ. ಅದನ್ನು ಸುಟ್ಟರೆ ಸರಕಾರದ ವಸೂಲಿಗೂ ಏಟು, ಊರಿನವರ ಹಳೆಯ ಸಿಟ್ಟಿಗೂ ಸಮಾಧಾನ. ಇನ್ನೊಂದು ಕಡೆ ನಿಜಾಮನ ಪರದ ರಜಾಕಾರ ಪಡೆಯ ಹಾವಳಿಗೆ ಹೆದರಿ ಮೊಗಲಾಯಿ ಬಿಟ್ಟವರು ಇದೇ ಗಡಿ ದಾಟಿ ಆಚೆ ಸೇರಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆಯ ಮುಖ್ಯ ಪಡೆ ಸೋಲಾಪುರದ ಕಡೆಯಿಂದ ನಳದುರ್ಗದ ದಾರಿ ಹಿಡಿದು ಒಳಹೊಕ್ಕಿತು. ಪೊಲೀಸ್ ಕಾರ್ಯಾಚರಣೆ ಎನಿಸಿಕೊಂಡ ಇದು 17ಕ್ಕೆ ಮುಗಿಯಿತು.

ರಾಜಕೀಯ ಗಡಿ ಐದು ದಿನದಲ್ಲಿ ಅಳಿಸಿಹೋಯಿತು. ಸುಂಕದ ಗಡಿ ಅಳಿಯಲು ವರ್ಷಗಳೇ ಹಿಡಿದವು. ಈ ಭಾಗ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಸಿಗುವುದು ಕಡಿಮೆ. ಪೊಲೀಸ್ ಕಾರ್ಯಾಚರಣೆಯಿಂದ ನೇರವಾಗಿ 1956ರ ಏಕೀಕರಣಕ್ಕೆ ಜಿಗಿಯುವ ಅಭ್ಯಾಸ ನಮಗೆ.

ಮೊದಲು ಹೋದದ್ದು ಜಹಗೀರುಗಳು. 1949ರ ಆಗಸ್ಟ್ 15ರಂದು ಜಾರಿಗೆ ಬಂದ ಜಹಗೀರು ರದ್ದತಿಯಿಂದ ಪೈಗಾಗಳೂ ಕರಗಿ ಆಳಂದ, ಅಫಜಲಪುರ ನೇರ ಸರಕಾರಿ ಆಡಳಿತಕ್ಕೆ ಬಂದವು. ಸಂಸ್ಥಾನಗಳ ಹಣಕಾಸನ್ನು ಭಾರತದ ಹಣಕಾಸಿನಲ್ಲಿ ಬೆರೆಸುವ ಬಗೆಯನ್ನು ಹುಡುಕಲು ಬರೋಡೆಯ ದಿವಾನರಾಗಿದ್ದ ವಿ.ಟಿ. ಕೃಷ್ಣಮಾಚಾರಿಯವರ ಸಮಿತಿ ಕೂತಿತ್ತು. ಅದರ ಶಿಫಾರಸಿನಂತೆ 1950ರ ಏಪ್ರಿಲ್ 1ರಿಂದ ಆದಾಯ ತೆರಿಗೆ, ರೈಲು ಮುಂತಾದವು ಕೇಂದ್ರದ ಪಾಲಾದವು. ಗಡಿ ಸುಂಕದ ಗಂಟು ಮಾತ್ರ ಅಷ್ಟು ಸುಲಭದ್ದಲ್ಲ. ಒಮ್ಮೆಲೇ ಎತ್ತಿದರೆ ಬೊಕ್ಕಸದಲ್ಲಿ ದೊಡ್ಡ ತೂತು, ಎತ್ತದಿದ್ದರೆ ದೇಶ ಒಂದಾಗಿಯೂ ಮಾರುಕಟ್ಟೆ ಎರಡು. ಸಂವಿಧಾನವೇ ಇದಕ್ಕೊಂದು ಓಣಿ ಬಿಟ್ಟಿತು. 301ನೆಯ ವಿಧಿ ದೇಶದ ಉದ್ದಗಲಕ್ಕೂ ವ್ಯಾಪಾರ ಮುಕ್ತವೆಂದಿತು, 306ನೆಯ ವಿಧಿ ಹಳೆಯ ಸಂಸ್ಥಾನಗಳಿಂದಾದ ರಾಜ್ಯಗಳು ಕೇಂದ್ರದೊಂದಿಗೆ ಕರಾರು ಮಾಡಿಕೊಂಡು ಹೆಚ್ಚೆಂದರೆ ಹತ್ತು ವರ್ಷ ಗಡಿ ಸುಂಕ ವಸೂಲಿ ಮಾಡಬಹುದೆಂದಿತು. ಹೈದರಾಬಾದ್ ಈ ಓಣಿಯಲ್ಲೇ ನಡೆದು ಸುಂಕವನ್ನು ಕಂತು ಕಂತಾಗಿ ಇಳಿಸಿತು. ತೂತು ಮುಚ್ಚಲು 1950ರಲ್ಲೇ ಹೈದರಾಬಾದ್ ಮಾರಾಟ ತೆರಿಗೆ ಕಾಯ್ದೆ ಬಂತು. ಹೀಗೆ ಗಣರಾಜ್ಯವಾದ ಮೇಲೂ ಕೆಲವು ವರ್ಷ ಭಾರತದಿಂದ ಭಾರತಕ್ಕೆ ಬಂದ ಸರಕು ಮೊಗಲಾಯಿ ಗಡಿಯಲ್ಲಿ ಸುಂಕ ಕಟ್ಟುತ್ತಿತ್ತು. 1956ರ ಏಳನೆಯ ತಿದ್ದುಪಡಿಯಲ್ಲಿ 306ನೆಯ ವಿಧಿಯೇ ಹೋಯಿತು.

ನಾಣ್ಯವೂ ಹಾಗೆಯೇ ಮೆತ್ತಗೆ ಸರಿದದ್ದು. 1950ರಿಂದ ಭಾರತದ ರೂಪಾಯಿ ಮತ್ತು ಉಸ್ಮಾನಿಯಾ ಸಿಕ್ಕಾ ಅದೇ ಹಳೆಯ ಏಳಕ್ಕೆ ಆರರ ದರದಲ್ಲಿ ಜೊತೆಜೊತೆಗೆ ಓಡಾಡಿದವು. 1951ರಲ್ಲಿ ಹೊಸ ಸಿಕ್ಕಾ ಹೊರಡಿಸುವುದು ನಿಂತಿತು. ಪೂರ್ತಿ ಅಮಾನ್ಯವಾಗಲು 1959 ಬರಬೇಕಾಯಿತು. ದರವನ್ನು ಬದಲಿಸದೆ ಇಟ್ಟದ್ದು ಜಾಣತನ. ಸಾಲ, ಬಾಕಿ, ಕೂಲಿ, ಕಂದಾಯ ಎಲ್ಲವನ್ನೂ ಜನ ತಮಗೆ ಗೊತ್ತಿದ್ದ ಲೆಕ್ಕದಲ್ಲೇ ಹೊಸ ರೂಪಾಯಿಗೆ ತಿರುಗಿಸಿಕೊಂಡರು. 1834ರಲ್ಲಿ ಜರ್ಮನಿಯ ಸಂಸ್ಥಾನಗಳು ಸುಂಕದ ಒಕ್ಕೂಟ ಕಟ್ಟಿಕೊಂಡಾಗ ಬೇಲಿ ಮೊದಲು ಹೋಗಿ ರಾಜಕೀಯ ಏಕೀಕರಣ ಹತ್ತಾರು ವರ್ಷದ ಮೇಲೆ ಬಂತು. ಹೈದರಾಬಾದಿನಲ್ಲಿ ಅದು ತಿರುವುಮುರುವು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬೇಲಿ ತೆಗೆದವರು ಬೊಕ್ಕಸದ ನಷ್ಟವನ್ನು ಪೈಸೆ ಪೈಸೆ ಎಣಿಸಿದರು. ಕೇಂದ್ರದಿಂದ ಪರಿಹಾರದ ಲೆಕ್ಕ, ಬದಲಿ ತೆರಿಗೆಯ ಲೆಕ್ಕ, ಕಂತಿನ ಲೆಕ್ಕ. ನೂರೈವತ್ತು ವರ್ಷ ಎರಡೂ ಕಡೆ ಸುಂಕ ತೆತ್ತು ಹಿಂದುಳಿದ ಅಂಚಿನ ತಾಲ್ಲೂಕುಗಳಿಗೆ ಅಂಥ ಲೆಕ್ಕವೇ ಇರಲಿಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ ತಾಲ್ಲೂಕುಗಳನ್ನು ಅಳೆದಾಗ ಈ ಮೂರೂ ಬಿದ್ದದ್ದು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ. ಸುಂಕವೊಂದೇ ಕಾರಣವೆಂದು ಯಾರೂ ಹೇಳಲಾರರು. ನೀರಾವರಿ, ಶಾಲೆ, ಭೂಮಿಯ ಹಂಚಿಕೆ ಎಲ್ಲವೂ ಅದರಲ್ಲಿ ಬೆರೆತಿವೆ. ಆದರೆ ಬೇಲಿ ತೆಗೆದ ಮಾತ್ರಕ್ಕೆ ಬೇಲಿಯ ಬುಡದಲ್ಲಿದ್ದವನು ತಾನಾಗಿಯೇ ಮುಂದೆ ಬರುತ್ತಾನೆಂಬ ನಂಬಿಕೆಗೆ ಆಧಾರ ಸಾಲದು.

ಅದಕ್ಕಿಂತ ತಮಾಷೆಯ ಸಂಗತಿ, ಹೈದರಾಬಾದ್ ತನ್ನ ಪುಟ್ಟ ಬೇಲಿ ಕಿತ್ತು ಸೇರಿಕೊಂಡ ಭಾರತ ಆಗತಾನೇ ತನ್ನ ದೊಡ್ಡ ಬೇಲಿ ಎತ್ತರಿಸುತ್ತಿತ್ತು. 1956–57ರ ವಿದೇಶಿ ವಿನಿಮಯದ ಬಿಕ್ಕಟ್ಟಿನ ನಂತರ ಆಮದು ಲೈಸನ್ಸು ಬಿಗಿಯಾಗುತ್ತ ಹೋಯಿತು. ಕರೋಡಗಿರಿಯ ನೂರಕ್ಕೆ ಐದನ್ನು ನೆನೆದರೆ ನಗು ಬರುವಂಥ ದರಗಳು ಬಂದರಿನಲ್ಲಿ ಬಂದವು. ನಾಕೆ ಆಳಂದದಿಂದ ಎದ್ದು ಮುಂಬಯಿಯ ಹಡಗುಕಟ್ಟೆಗೆ ಹೋಗಿ ಕೂತಿತು.

ಹತ್ತಿರದ ಗಡಿಯೂ ಪೂರ್ತಿ ತೆರೆಯಲಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ಮೂರು ಪಾಲಾಯಿತು. ಕಲಬುರಗಿ ಮೈಸೂರಿಗೆ ಬಂತು, ಪಕ್ಕದ ಉಸ್ಮಾನಾಬಾದ್ ಮುಂಬಯಿ ರಾಜ್ಯಕ್ಕೆ, ನಂತರ ಮಹಾರಾಷ್ಟ್ರಕ್ಕೆ. ವಿಜಾಪುರ ಜಿಲ್ಲೆಯೂ ಮೈಸೂರಿಗೇ ಸೇರಿದ್ದರಿಂದ ಅಫಜಲಪುರ–ಇಂಡಿ, ಜೇವರ್ಗಿ–ಸಿಂದಗಿ ನಡುವಿನ ಹಳೆಯ ಗಡಿ ಅಂದಿಗೆ ಒಳನಾಡಿನ ಜಿಲ್ಲಾ ಗೆರೆಯಾಯಿತು. ನಿಜಾಮನ ಕಾಲದಲ್ಲಿ ಒಂದೇ ಸಂಸ್ಥಾನದ ಒಳಗಿದ್ದ ಆಳಂದ–ಉಮರ್ಗಾ ದಾರಿಗೆ ಮಾತ್ರ ಹೊಸದಾಗಿ ರಾಜ್ಯದ ಗಡಿ ಹುಟ್ಟಿತು. ಹಿಂದೆ ನಾಕೆಯೇ ಇಲ್ಲದಿದ್ದ ಖಜೂರಿ ಕಡೆಗೆ ಚೆಕ್‌ಪೋಸ್ಟ್ ಬಂತು, ಅಕ್ಕಲಕೋಟೆ ದಾರಿಯ ಹಿರೋಳಿಯಲ್ಲಿ ಇನ್ನೊಂದು. ಆಹಾರದ ಕೊರತೆಯ ಅರವತ್ತರ ದಶಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಧಾನ್ಯ ಸಾಗಿಸಲು ಪರವಾನಗಿ ಬೇಕಾಯಿತು. ಅಕ್ಕಲಕೋಟೆ ಸಹಿತ ಸೋಲಾಪುರ ಜಿಲ್ಲೆಯ ಕನ್ನಡ ಹಳ್ಳಿಗಳು ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಎಪ್ಪತ್ತರ ದಶಕದಲ್ಲಿ ಗಾಳಿ ತಿರುಗಿತು. ಮಹಾರಾಷ್ಟ್ರ ಸರಕಾರ 1972ರಿಂದ ಹತ್ತಿಯ ಏಕಸ್ವಾಮ್ಯ ಖರೀದಿ ಶುರುಮಾಡಿ ಬೆಳೆಗಾರ ತನಗಲ್ಲದೆ ಬೇರೆಯವರಿಗೆ ಮಾರಬಾರದೆಂದಿತು. ಆಗ ಹತ್ತಿಯನ್ನು ಕದ್ದುಮುಚ್ಚಿ ಗಡಿ ದಾಟಿಸುವ ಸರದಿ ಆಚೆಯವರದು. ಕರೋಡಗಿರಿಯ ಕಾಲದ ಹಳ್ಳಿಗಾಡಿನ ದಾರಿಗಳು ಕೆಲಸಕ್ಕೆ ಬಂದಿರಬೇಕು.

ಮಾರಾಟ ತೆರಿಗೆಯ ತನಿಖಾ ಠಾಣೆಗಳು ಹೋದದ್ದು 2017ರ ಜುಲೈ 1ರಂದು ಜಿಎಸ್‌ಟಿ ಬಂದಮೇಲೆ. 1950ರಲ್ಲಿ ಕರೋಡಗಿರಿಯ ತೂತು ಮುಚ್ಚಲು ಬಂದ ತೆರಿಗೆ ತಾನೇ ಒಂದು ಕಟ್ಟೆಯಾಗಿ ಅರವತ್ತೇಳು ವರ್ಷ ಬಾಳಿತು. ಸರಕಿನ ಲಾರಿಗಳ ಸಾಲು ಕರಗಿದರೂ ಕಾವಲಿನ ಚಾಳಿ ಹೋಗಲಿಲ್ಲ. ಕೊರೊನಾ ಕಾಲದಲ್ಲಿ ಖಜೂರಿ, ಹಿರೋಳಿಗಳಲ್ಲಿ ಮತ್ತೆ ಬಿದಿರಿನ ಅಡ್ಡಗಟ್ಟೆ ಬಿತ್ತು.

ಇಷ್ಟರ ನಡುವೆ ಈ ಸೀಮೆಯ ಹೊಲದಲ್ಲಿ ತೊಗರಿ ಹಬ್ಬಿತು. ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತಾರೆ, 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿತು. ದೇಶದ ದೊಡ್ಡ ಬೇಲಿ 1991ರಿಂದ ಸಡಿಲವಾಗಿ, 2001ರ ಏಪ್ರಿಲ್ 1ಕ್ಕೆ ಆಮದಿನ ಪರಿಮಾಣದ ಮೇಲಿನ ಕೊನೆಯ ನಿರ್ಬಂಧಗಳೂ ಹೋದಾಗ ಅದರ ಗಾಳಿ ನೇರವಾಗಿ ಈ ಹೊಲಗಳ ಮೇಲೆ ಬೀಸಿತು. 2015ರ ಅಕ್ಟೋಬರಿನಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಊರೂರಲ್ಲೂ ತೊಗರಿ ಬಿತ್ತನೆ ಹೆಚ್ಚಿತು. ಕೇಂದ್ರ ಸರಕಾರ 2016ರಲ್ಲಿ ಮೊಜಾಂಬಿಕ್‌ನೊಂದಿಗೆ ಬೇಳೆಕಾಳಿನ ಆಮದಿಗೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷ ದೇಶದ ತೊಗರಿ ಉತ್ಪಾದನೆ ಹಿಂದಿನ ವರ್ಷದ ಸುಮಾರು 25 ಲಕ್ಷ ಟನ್ನಿನಿಂದ 48 ಲಕ್ಷ ಟನ್ ದಾಟಿತು. ಒಳಗಿನ ಬೆಳೆ, ಹೊರಗಿನ ಆಮದು ಎರಡೂ ಒಟ್ಟಿಗೆ ಪೇಟೆಗೆ ಬಿದ್ದು ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಯ ಕೆಳಗಿಳಿಯಿತು. ಆಳಂದ, ಅಫಜಲಪುರದ ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಸರಕಾರ 2017ರ ಮಾರ್ಚಿನಲ್ಲಿ ಶೇ. 10ರಷ್ಟು ಆಮದು ಸುಂಕ ಹಾಕಿ, ಆಗಸ್ಟಿನಲ್ಲಿ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಕಟ್ಟಿತು. ಅಷ್ಟು ಹೊತ್ತಿಗೆ ಸಣ್ಣ ಹಿಡುವಳಿಯ ರೈತ ಸಾಲ ಕೊಟ್ಟವನ ಒತ್ತಾಯಕ್ಕೆ ಚೀಲ ಕೊಟ್ಟು ಮುಗಿಸಿದ್ದ. 2021ರ ಮೇ ತಿಂಗಳಲ್ಲಿ ಬೇಲಿ ಮತ್ತೆ ತೆರೆಯಿತು.

ಇವತ್ತು ಆಳಂದದ ರೈತ ತೊಗರಿ ಹೇರಿಕೊಂಡು ದುಧನಿಗೋ ಸೋಲಾಪುರಕ್ಕೋ ಹೋದರೆ ದಾರಿಯಲ್ಲಿ ಸುಂಕವಿಲ್ಲ, ರೂಪಾಯಿ ಬದಲಿಸಬೇಕಿಲ್ಲ, ಪಂಚಾಂಗ ತಿರುವಬೇಕಿಲ್ಲ. ಆ ಸ್ವಾತಂತ್ರ್ಯ ಬೇಡವೆನ್ನುವವರು ಈ ಸೀಮೆಯಲ್ಲಿ ಯಾರೂ ಸಿಗುವುದಿಲ್ಲ. ಆದರೆ ಆಫ್ರಿಕಾ, ಬರ್ಮಾಗಳ ತೊಗರಿಗೆ ಸುಂಕ ಹಾಕಿ ಎಂದು ಕಲಬುರಗಿಯ ರೈತ ಸಂಘಟನೆಗಳು ಕೂಗುತ್ತಲೇ ಇವೆ. ಹತ್ತಿರದ ಕಟ್ಟೆ ಬೇಡ, ದೂರದ ಕಟ್ಟೆ ಬೇಕು. ಅರ್ಥಶಾಸ್ತ್ರದ ಪುಸ್ತಕಕ್ಕೆ ಇದು ವಿರೋಧಾಭಾಸ, ಕಟ್ಟೆಯ ಎರಡೂ ಬದಿಯನ್ನು ಕಂಡ ಮನೆತನಗಳಿಗೆ ಸರಳ ಲೆಕ್ಕ. 2025ರ ಜನವರಿಯಲ್ಲಿ, ಈ ತಾಲ್ಲೂಕುಗಳಲ್ಲಿ ಹೊಸ ತೊಗರಿ ಕಣಕ್ಕೆ ಬರುವ ಹೊತ್ತಿಗೆ, ಕೇಂದ್ರ ಸರಕಾರ ಸುಂಕವಿಲ್ಲದ ಆಮದನ್ನು 2026ರ ಮಾರ್ಚ್ 31ರವರೆಗೆ ಮುಂದುವರಿಸಿತು. ಆ ಹಂಗಾಮಿನ ಬೆಂಬಲ ಬೆಲೆ 7,550 ರೂಪಾಯಿ. ದುಧನಿಯ ಅಡತಿಯಲ್ಲಿ ಚೀಲದ ದರ ಕಟ್ಟುವಾಗ ಈಗ ಮುಂಬಯಿ ಬಂದರಿಗೆ ಬಂದಿಳಿದ ಆಫ್ರಿಕಾ ತೊಗರಿಯ ದರವೂ ಲೆಕ್ಕಕ್ಕೆ ಬರುತ್ತದೆ.